ಕೀಸ್ಲಿಂಗ್ ಸಾಹೇಬರ ಟೇಪು

ಮಗಳು ಊಟದ ಮಧ್ಯೆ ಆ ಹೆಸರು ಹೇಳಿದಾಗ ತನಿಯನ ಗಂಟಲಿನಲ್ಲಿ ಬಂಗುಡೆಯ ಮುಳ್ಳು ಸಿಕ್ಕಿಕೊಂಡಿತು. ಮಾತಿಗೆ ಹೇಳುವುದಲ್ಲ, ನಿಜವಾಗಿಯೂ ಸಿಕ್ಕಿಕೊಂಡಿತು. ಹೆಂಡತಿ ಉಮಾವತಿ ಎದ್ದು ಬಂದು ಬೆನ್ನಿಗೆ ಎರಡು ಗುದ್ದಿ, ಬರೀ ಅನ್ನದ ಉಂಡೆಯೊಂದನ್ನು ನುಂಗಿಸಿ, "ಅರುವತ್ತೆರಡು ವರ್ಷ ಆಯ್ತು, ಇನ್ನೂ ಮೀನು ತಿನ್ಲಿಕ್ಕೆ ಬರುದಿಲ್ಲ ಇವರಿಗೆ" ಎಂದು ಗೋಡೆಗೆ ದೂರು ಹೇಳಿದಳು.

"ಯಾರು ಬರ್ತಾರೆ ಅಂದಿ?" ಮುಳ್ಳು ಇಳಿದ ಮೇಲೆ ತನಿಯ ಕೇಳಿದ.

"ವೋಲ್ಫ್‌ರಾಮ್ ಕೀಸ್ಲಿಂಗ್, ಪಪ್ಪ. ಜರ್ಮನ್ ಸಿನೆಮಾಟೋಗ್ರಾಫರ್. ಶನಿವಾರ ಸಂಜೆ ವೆಸ್ಟ್ ಬೇಯ ಹೋಟೆಲಲ್ಲಿ ಅವರ ಮುತ್ತಿನ ಫಿಲ್ಮ್ ತೋರಿಸ್ತಾರೆ, ಹೊಸತಾಗಿ ರಿಪೇರಿ ಮಾಡಿದ ಕಾಪಿ. ಆಮೇಲೆ ಅವರೇ ಸ್ಟೇಜಲ್ಲಿ ಮಾತಾಡ್ತಾರೆ. ನಮ್ಮ ಕ್ಲಾಸಿನವರೆಲ್ಲ ಹೋಗ್ಲೇಬೇಕು."

ಮೋಕ್ಷಾ ದೋಹಾದಲ್ಲೇ ಹುಟ್ಟಿ, ದೋಹಾದಲ್ಲೇ ಸಿನೆಮಾ ಓದುತ್ತಿರುವ ಹುಡುಗಿ. ಅವಳ ಕನ್ನಡ ಮೂರು ಹೆಜ್ಜೆಗೊಮ್ಮೆ ಇಂಗ್ಲಿಷಿನ ಕೈ ಹಿಡಿಯುತ್ತದೆ. ಅಪ್ಪನ ಮುಖ ನೋಡದೆ ಅವಳು ಮುಂದುವರಿಸಿದಳು: "ಅದರಲ್ಲೊಂದು ಶಾಟ್ ಉಂಟು. ವಕ್ರಾದ ಒಬ್ಬ ಮುದುಕ, ಮುತ್ತು ತೆಗೀಲಿಕ್ಕೆ ಮುಳುಗ್ತಿದ್ದವ, ಸಮುದ್ರದಲ್ಲಿ ಸತ್ತ ತಮ್ಮನ ಬಗ್ಗೆ ಹೇಳ್ತಾನೆ. ನಾಲ್ಕು ಮಿನಿಟ್. ಮುಖ ಫುಲ್ ಬ್ಲರ್. ಹಿಂದೆ ಅಂಗಳದಲ್ಲಿ ಒಂದು ಕಲ್ಲು ಬಿದ್ದಿದೆ, ಅದು ಮಾತ್ರ ಶಾರ್ಪ್. ಮುಳುಗುವಾಗ ಕಾಲಿಗೆ ಕಟ್ತಾರಲ್ಲ, ಆ ಕಲ್ಲು. ಅಳುವವನ ಮುಖ ತೋರಿಸ್ಲಿಲ್ಲ, ತಮ್ಮನನ್ನು ಕೆಳಗೆ ಎಳೆದ ಕಲ್ಲು ತೋರಿಸಿದ್ರು. ಎಂತಹ ಥಾಟ್ ನೋಡಿ. ನಾನು ಅದರ ಮೇಲೆ ಹನ್ನೆರಡು ಪೇಜ್ ಬರ್ದಿದ್ದೇನೆ."

ತನಿಯ ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಿನಿಂದ ಆಚೆ ಈಚೆ ದೂಡಿದ. ಆ ಹನ್ನೆರಡು ಪುಟಗಳಲ್ಲಿ ಇಲ್ಲದ ಒಂದು ಸಾಲು ಮೂವತ್ತಾರು ವರ್ಷದಿಂದ ಅವನ ಹೊಟ್ಟೆಯೊಳಗೆ ಕುಳಿತಿತ್ತು. ಆ ಮುಖ ಮಸುಕಾದದ್ದು ಯಾರ ಥಾಟಿನಿಂದಲೂ ಅಲ್ಲ. ಅದು ತನಿಯನ ಕೈತಪ್ಪು. ಹೆಂಡತಿಗೂ ಅವನು ಇದನ್ನು ಹೇಳಿರಲಿಲ್ಲ.

ಅಲ್ ಹಿಲಾಲ್ ಬಡಾವಣೆಯ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆಗ ನಡೆದಾಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಕಾರ್ಗೋಗೆ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು. ಕ್ಯಾಮರಾ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ತನಿಯನಿಗೆ ವಯಸ್ಸಾಯಿತೆಂದು ಕಂಪೆನಿ ಹಾರ ಹಾಕಿ, ಕೇಕು ಕತ್ತರಿಸಿ, ಬೀಳ್ಕೊಟ್ಟಾಗಿತ್ತು. ಬರುವ ಗುರುವಾರ ಗಂಡ ಹೆಂಡತಿ ಮಂಗಳೂರಿನ ವಿಮಾನ ಹತ್ತುವವರು. ವೀಸಾ ಖಲಾಸ್. ಮೋಕ್ಷಾ ಮಾತ್ರ ಅಣ್ಣ ಸುಶಾಂತನ ಮನೆಯಲ್ಲಿದ್ದು ಓದು ಮುಗಿಸುವವಳು. ಅಂದರೆ ಕೀಸ್ಲಿಂಗ್ ಸಾಹೇಬರು ದೋಹಾಕ್ಕೆ ಬರುವ ಶನಿವಾರಕ್ಕೂ ತನಿಯ ದೋಹಾ ಬಿಡುವ ಗುರುವಾರಕ್ಕೂ ನಡುವೆ ಇದ್ದದ್ದು ನಾಲ್ಕೇ ದಿನ. ಸಾಹೇಬರಿಗೆ ಎಂಬತ್ತಾರು. ಇನ್ನೊಂದು ಅವಕಾಶ ಸಿಗುವ ಮಾತೇ ಇಲ್ಲ.

ಅವನಿಗೆ ಬೇಕಾದದ್ದು ಹೆಚ್ಚೇನಲ್ಲ. ಎದುರು ನಿಂತು ಒಂದು ತಪ್ಪೊಪ್ಪಿಗೆ, ಒಂದು ಪ್ರಶ್ನೆ. ಸರ್, ಅದು ನನ್ನ ತಪ್ಪು. ನಿಮಗೆ ಗೊತ್ತಿತ್ತೋ, ಇಲ್ಲವೋ?

ತನಿಯ ಕತಾರಿಗೆ ಬಂದದ್ದು ಬಡಗಿಯಾಗಿ. ದುಖಾನಿನಲ್ಲಿ ತೈಲ ಕಂಪೆನಿಯ ನೌಕರರ ಮನೆಗಳಿಗೆ ಬಾಗಿಲು ಕಿಟಕಿ ಕೂರಿಸುವ ಕೆಲಸ. ಎಂಬತ್ತೆಂಟನೇ ಇಸವಿ, ಸೆಕೆ ಆಗಷ್ಟೇ ಏರುತ್ತಿದ್ದ ದಿನಗಳು. ತೈಲಬಾವಿಗಳ ಸಾಕ್ಷ್ಯಚಿತ್ರ ತೆಗೆಯಲೆಂದು ಒಬ್ಬ ಜರ್ಮನ್ ಬಂದಿಳಿದರು. ಉದ್ದನೆಯ ಆಳು, ಎರಡು ಸೂಟ್‌ಕೇಸು, ಮೂಗಿನ ತುದಿಯಲ್ಲಿ ಸಿಟ್ಟು. ಕ್ಯಾಮರಾದ ಗಾಡಿ ಓಡಿಸಲು ಮರದ ಹಳಿ ಬೇಕು ಎಂದರು. ಬಡಗಿಗಳ ಮೇಸ್ತ್ರಿ ಆ ತಲೆನೋವನ್ನು ಹೊಸಬನಾದ ತನಿಯನ ಕೊರಳಿಗೆ ಕಟ್ಟಿದ. ತನಿಯ ಮೂರು ದಿನ ಗೀಸುಳಿ ಹಾಕಿ ಹಳಿ ಮಾಡಿಕೊಟ್ಟ. ಸಾಹೇಬರು ಗಾಡಿಯ ಮೇಲೆ ತುಂಬಿದ ಚಹಾದ ಲೋಟ ಇಟ್ಟು ತುದಿಯಿಂದ ತುದಿಗೆ ತಳ್ಳಿ ನೋಡಿದರು. ಒಂದು ಹನಿ ಚೆಲ್ಲಲಿಲ್ಲ. ಆ ಚಹಾವನ್ನು ತಾವೇ ಕುಡಿದು ಅವನ ಹೆಸರು ಕೇಳಿದರು.

ಸಾಹೇಬರ ಜೊತೆ ಬಂದಿದ್ದ ಜರ್ಮನ್ ಸಹಾಯಕ ಮೊದಲ ವಾರ ಬಿಸಿಲು ತಾಗಿ ಮಲಗಿದ, ಎರಡನೇ ವಾರ ವಿಮಾನ ಹತ್ತಿ ಊರು ಸೇರಿದ. ಅವನ ಜಾಗಕ್ಕೆ ಸಾಹೇಬರು ಬಡಗಿಯನ್ನು ತೆಗೆದುಕೊಂಡರು. ದುಖಾನಿನವರೆಲ್ಲ ನಕ್ಕರು. ಕೆಲಸ ಕೇಳಿದರೆ ಸುಲಭ: ಕ್ಯಾಮರಾದಿಂದ ಮುಖಕ್ಕೆ ಎಷ್ಟು ದೂರವೆಂದು ಟೇಪು ಹಿಡಿದು ಅಳೆಯಬೇಕು, ಆ ಅಂಕೆಗೆ ಲೆನ್ಸಿನ ಬಳೆಯನ್ನು ತಿರುಗಿಸಿ ನಿಲ್ಲಿಸಬೇಕು. ಸರಿಯಾದರೆ ಮುಖ ನಿಚ್ಚಳ, ತಪ್ಪಿದರೆ ಮಸುಕು. ಇದಕ್ಕೆ ಫೋಕಸ್ ಎಂದು ಹೆಸರು. ಸಾಹೇಬರ ಬಳಿ ಅದಕ್ಕೆಂದೇ ಚರ್ಮದ ಡಬ್ಬಿಯಲ್ಲಿ ಸುತ್ತಿಟ್ಟ ಬಟ್ಟೆಯ ಟೇಪಿತ್ತು, ಜರ್ಮನಿಯದು, ಮೀಟರಿನದು. ಅದನ್ನು ಬಿಟ್ಟು ಬೇರೆ ಯಾವುದನ್ನೂ ಅವರು ನಂಬುತ್ತಿರಲಿಲ್ಲ.

ತನಿಯನಿಗೆ ಒಂದು ವಿದ್ಯೆ ಕೈಗೂಡಿತ್ತು. ನೋಡಿದ ಕೂಡಲೇ ದೂರ ಹೇಳಬಲ್ಲವನಾಗಿದ್ದ. ಸಾಹೇಬರಿಗೆ ಇದೊಂದು ಆಟವಾಯಿತು. ಅವನ ತುಳು ಮಾತಿನಲ್ಲಿ ಅವರು ಕಲಿತದ್ದು ಒಂದೇ ಶಬ್ದ, 'ಏತ್', ಅಂದರೆ 'ಎಷ್ಟು'. ದಾರಿಯಲ್ಲಿ ಒಂಟೆ ಕಂಡರೆ ಗಾಡಿ ನಿಲ್ಲಿಸುತ್ತಿದ್ದರು.

"ಏತ್?"

"ನಲುವತ್ತು ಫೂಟು, ಸರ್."

"ಮೀಟರ್, ತನಿಯ. ಮೀಟರ್."

ತನಿಯ ತಲೆಯೊಳಗೇ ಲೆಕ್ಕ ಮಾಡಿ "ಹನ್ನೆರಡು" ಅನ್ನುತ್ತಿದ್ದ. ಇಬ್ಬರೂ ಇಳಿದು ಟೇಪು ಹಿಡಿದು ಅಳೆಯುತ್ತಿದ್ದರು, ಒಂಟೆ ಅಷ್ಟು ಹೊತ್ತು ನಿಂತರೆ. ಅಳತೆ ಕೂಡಿದರೆ ಅವನಿಗೊಂದು ಕಿತ್ತಳೆ ಹಣ್ಣು. ತಪ್ಪಿದರೆ ಅವನ ಎದುರೇ ಸಾಹೇಬರು ಸುಲಿದು ತಿನ್ನುತ್ತಿದ್ದರು, ಒಂದು ತೊಳೆಯನ್ನೂ ಕೊಡದೆ. ಅಂಥ ಮನುಷ್ಯ.

ದುಖಾನಿನಿಂದ ದೋಹಾಕ್ಕೆ ಆಗ ಉದ್ದನೆಯ ಬೋಳು ರಸ್ತೆ. ಸಾಹೇಬರು ತಾವೇ ಸ್ಟಿಯರಿಂಗ್ ಹಿಡಿದು, ಇಬ್ಬರಿಗೂ ಅರ್ಧಂಬರ್ಧ ಬರುತ್ತಿದ್ದ ಇಂಗ್ಲಿಷಿನಲ್ಲಿ ತಮ್ಮ ಬದುಕನ್ನು ಹೇಳುತ್ತಿದ್ದರು. ಯುದ್ಧ ಮುಗಿದಾಗ ಅವರಿಗೆ ಏಳು ವರ್ಷ. ಅಪ್ಪ ಮರಳಲಿಲ್ಲ. ಅಮ್ಮ ಹಿತ್ತಿಲಿನಲ್ಲಿ ದೊಡ್ಡ ಹಂಡೆ ಇಟ್ಟು, ಸತ್ತ ಸೈನಿಕರ ಕೋಟುಗಳಿಗೆ ಕಪ್ಪು ಬಣ್ಣ ಹಾಕಿ ಹೆಂಗಸರ ಉಡುಪು ಹೊಲಿದು ಮಾರುತ್ತಿದ್ದರು. ಹುಡುಗನ ಕೆಲಸ ಕೋಲಿನಿಂದ ಹಂಡೆ ಕಲಕುವುದು. ಕಪ್ಪು ಒಂದೇ ಅಲ್ಲ, ಕಪ್ಪಿನಲ್ಲಿ ಹತ್ತು ಬಗೆ ಉಂಟು ಎಂದು ತಾನು ಕಲಿತದ್ದು ಅಲ್ಲಿ, ಯಾವ ಶಾಲೆಯಲ್ಲೂ ಅಲ್ಲ ಎನ್ನುತ್ತಿದ್ದರು. ಹದಿನಾರಕ್ಕೆ ಸ್ಟುಡಿಯೋ ಸೇರಿ ಬ್ಯಾಟರಿ ಹೊತ್ತರು. ಒಂಬತ್ತು ವರ್ಷ ಬೆಳಕು ತಾಗದ ಕತ್ತಲ ಚೀಲದೊಳಗೆ ಕೈಹಾಕಿ ಕ್ಯಾಮರಾಕ್ಕೆ ಫಿಲ್ಮು ತುಂಬಿದರು. ಮೂವತ್ತರಲ್ಲಿ ಮೊದಲ ಸಿನೆಮಾ, ಕಲ್ಲಿದ್ದಲಿನ ಊರೊಂದರ ಕತೆ, ಕಪ್ಪು ಬಿಳುಪು. ಆ ಕಪ್ಪನ್ನು ನೋಡಿ ಜನ ಬಾಯಿ ಬಿಟ್ಟರಂತೆ. ನಲುವತ್ತೈದು ತಲುಪುವಷ್ಟರಲ್ಲಿ ಹನ್ನೆರಡು ಸಿನೆಮಾ. ಆಮೇಲೆ ಒಂದು ದಿನ ನಿರ್ದೇಶಕ, ಮಗು ಸತ್ತ ಮನೆಯ ದೃಶ್ಯಕ್ಕೆ ಇನ್ನೊಂದು ದೀಪ ಹಾಕಿ, ಹೀರೋಯಿನ್ ಮುಖ ಕಾಣಲಿ ಎಂದನಂತೆ. ಇವರು ಹಾಕುವುದಿಲ್ಲ ಎಂದರು. ಅವನು ಹಾಕು ಎಂದ. ಇವರು ಇದ್ದ ದೀಪಗಳನ್ನೂ ಆರಿಸಿ ಮನೆಗೆ ಹೋದರು. ಅಲ್ಲಿಂದ ಮುಂದೆ ಯಾರೂ ಕರೆಯಲಿಲ್ಲ. ಐದು ವರ್ಷ ಬಟ್ಟೆ ಸೋಪಿನ ಜಾಹೀರಾತು ತೆಗೆದು, ಹೆಂಡತಿಯನ್ನೂ ಕಳೆದುಕೊಂಡು, ಐವತ್ತರಲ್ಲಿ ದುಖಾನಿಗೆ ಬಂದಿದ್ದರು.

"ಒಂದು ದೀಪಕ್ಕೆ ಇಷ್ಟೆಲ್ಲ ಆಯ್ತಾ, ಸರ್?" ಎಂದು ತನಿಯ ಕೇಳಿದ್ದ.

"ಒಂದು ದೀಪಕ್ಕೆ," ಎಂದು ಅವರು ಗೇರು ಬದಲಿಸಿದ್ದರು. "ಈಗಲೂ ಹಾಕುವುದಿಲ್ಲ."

ಆ ರಸ್ತೆಯನ್ನು ನೆನೆದರೆ ಇಂದಿಗೂ ತನಿಯನ ಎದೆ ಬೆಚ್ಚಗಾಗುತ್ತದೆ. ಊರಿನಲ್ಲಿ ಅವನನ್ನು ಕುಳ್ಳಿರಿಸಿಕೊಂಡು ಯಾರೂ ಅಷ್ಟು ಮಾತಾಡಿದ್ದಿಲ್ಲ. ಅವನ ಬದುಕಿನ ಒಳ್ಳೆಯ ದಿನಗಳು ಯಾವುವೆಂದು ಕೇಳಿದರೆ ಮದುವೆ, ಮಕ್ಕಳು ಎಂದೆಲ್ಲ ಬಾಯಿ ಹೇಳೀತು. ಮನಸ್ಸು ಹೋಗಿ ಕೂರುವುದು ಮಾತ್ರ ಆ ಗಾಡಿಯ ಬಲಗಡೆ ಕಿಟಕಿ ಸರಿಯಿಲ್ಲದ ಸೀಟಿನಲ್ಲಿ, ಕಿತ್ತಳೆ ಸಿಪ್ಪೆಯ ವಾಸನೆಯಲ್ಲಿ.

ತೈಲದ ಚಿತ್ರ ಮುಗಿದ ಮೇಲೆ ಮುತ್ತಿನ ಚಿತ್ರ ಶುರುವಾಯಿತು. ನಿರ್ಮಾಪಕ ಡೇವಿಡ್ ಎಂಬ ಲಂಡನ್ನಿನವನು, ಗಡಿಯಾರ ನೋಡಿಯೇ ಉಸಿರಾಡುವ ಆಸಾಮಿ. ಕಡಲ ಬದಿಯ ಊರು ವಕ್ರಾದಲ್ಲಿ ಅಬು ಜಾಸಿಮ್ ಎಂಬ ಹಳೆಯ ಮುಳುಗುಗಾರನಿದ್ದ. ಒಂದೇ ಹಗ್ಗದಲ್ಲಿ ಜೊತೆಗೆ ಇಳಿದ ತಮ್ಮ ಮೇಲೆ ಬಾರದ ದಿನದ ಬಗ್ಗೆ ಅವನು ನಲುವತ್ತು ವರ್ಷ ಯಾರೊಡನೆಯೂ ಬಾಯಿ ಬಿಟ್ಟಿರಲಿಲ್ಲ. ತಿಂಗಳಿಡೀ ಅವನ ಮನೆಗೆ ಹೋಗಿ ಕಾಫಿ ಕುಡಿದು ಬಂದಿದ್ದರು ಸಾಹೇಬರು. ಒಂದು ಬೆಳಿಗ್ಗೆ ಮುದುಕ ಹೇಳಿ ಕಳಿಸಿದ, ಇವತ್ತು ಬನ್ನಿ.

ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಡೇವಿಡ್ ಎಲ್ಲರನ್ನೂ ಗಾಡಿಗೆ ತುರುಕಿದ. ವಕ್ರಾದಲ್ಲಿ ಪೆಟ್ಟಿಗೆ ಬಿಚ್ಚಿದ ತನಿಯ ಒಂದೊಂದೇ ಸಾಮಾನು ಎತ್ತಿ ನೋಡಿದ. ಜರ್ಮನ್ ಟೇಪು ಇಲ್ಲ. ದುಖಾನಿನ ಕೋಣೆಯ ಮೇಜಿನ ಮೇಲೆ ಅವನೇ ಇಟ್ಟು ಮರೆತು ಬಂದಿದ್ದ. ಹೇಳಿದರೆ ಸಾಹೇಬರ ಸಿಟ್ಟು, ಡೇವಿಡನ ಬೈಗುಳ, ಬಹುಶಃ ಕೆಲಸಕ್ಕೂ ಕುತ್ತು. ಸೊಂಟದಲ್ಲಿ ಅವನದ್ದೇ ಬಡಗಿ ಟೇಪಿತ್ತು, ಊರಿನಿಂದ ತಂದ ಸ್ಟೀಲಿನದು. ಒಳಗೆ ಮುದುಕ ಆಗಲೇ ಚಾಪೆಯ ಮೇಲೆ ಕುಳಿತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ತನಿಯ ಮೆಲ್ಲನೆ ಟೇಪು ಎಳೆದು, ತುದಿಯನ್ನು ಮುದುಕನ ಕಣ್ಣಿನ ನೇರಕ್ಕೆ ಹಿಡಿದು ಅಂಕೆ ನೋಡಿದ. ಆರು. ಲೆನ್ಸಿನ ಬಳೆಯನ್ನು ಆರಕ್ಕೆ ತಿರುಗಿಸಿದ. ಸಾಹೇಬರು ಕ್ಯಾಮರಾಕ್ಕೆ ಕಣ್ಣು ಹಚ್ಚಿ ಒಂದು ಕ್ಷಣ ಸುಮ್ಮನಿದ್ದರು. ಅಷ್ಟರಲ್ಲಿ ಮುದುಕ ಮಾತು ಶುರುಮಾಡಿಬಿಟ್ಟಿದ್ದ.

ಟೇಪಿನ ಆರು ಫೂಟಿನದು. ಲೆನ್ಸಿನ ಆರು ಮೀಟರಿನದು. ಕೈಗೆ ಹಳೆಯ ಟೇಪು ಬಂದದ್ದೇ ತಡ, ತಲೆಯೂ ಹಳೆಯ ಬಡಗಿಯ ತಲೆಯಾಗಿ, ಎರಡು ತಿಂಗಳ ಕಿತ್ತಳೆಯ ಪಾಠ ಎಲ್ಲಿ ಹೋಯಿತೋ ಹೋಯಿತು. ಆರು ಮೀಟರು ದೂರದಲ್ಲಿ, ತೆರೆದ ಬಾಗಿಲಿನಾಚೆ, ಅಂಗಳದಲ್ಲಿ ಆ ಕಲ್ಲಿತ್ತು. ಮರುದಿನ ಬೆಳಿಗ್ಗೆ ದುಖಾನಿನಲ್ಲಿ ಮೇಜಿನ ಮೇಲಿದ್ದ ಜರ್ಮನ್ ಟೇಪನ್ನು ಕಂಡಾಗಲೇ ತನಿಯನಿಗೆ ಹೊಳೆದದ್ದು.

ಮೂರು ವಾರ ಬಿಟ್ಟು ಜರ್ಮನಿಯ ಲ್ಯಾಬಿನಿಂದ ರೀಲು ಬಂತು. ಗೋಡೆಗೆ ಬೆಡ್‌ಶೀಟು ಕಟ್ಟಿ ನೋಡಿದರು. ನಾಲ್ಕು ಮಿನಿಟು ಮುಗಿದಾಗ ಡೇವಿಡ್ ಕುರ್ಚಿ ಒದ್ದು ಎದ್ದ. "ಇದು ಯಾರ ಕೆಲಸ?" ಎಂದು ತನಿಯನತ್ತಲೇ ನೋಡಿದ. ಮುದುಕ ಮತ್ತೊಮ್ಮೆ ಹೇಳುವ ಹಾಗಿರಲಿಲ್ಲ. ಆ ಚಿತ್ರೀಕರಣವಾಗಿ ಹತ್ತೇ ದಿನಕ್ಕೆ ತೀರಿಕೊಂಡಿದ್ದ.

"ನನ್ನದು," ಎಂದರು ಕೀಸ್ಲಿಂಗ್ ಸಾಹೇಬರು, ಬೆಡ್‌ಶೀಟಿನಿಂದ ಕಣ್ಣು ಕೀಳದೆ. "ನಾನೇ ಹಾಗೆ ಮಾಡಿಸಿದ್ದು. ನನಗೆ ಕಲ್ಲು ಬೇಕಿತ್ತು."

ಮುಂದಿನ ವರ್ಷ ಆ ಚಿತ್ರಕ್ಕೆ ಯೂರೋಪಿನಲ್ಲೆಲ್ಲೋ ದೊಡ್ಡ ಬಹುಮಾನ ಬಂತು. ಬರೆಯುವವರೆಲ್ಲ ಆ ಕಲ್ಲಿನ ಬಗ್ಗೆ ಬರೆದರು. ಮರೆತವರೆಲ್ಲ ಸಾಹೇಬರನ್ನು ಮತ್ತೆ ಕರೆದರು. ಅಲ್ಲಿಂದ ಒಂಬತ್ತು ಸಿನೆಮಾ, ಕಾಲೇಜಿನಲ್ಲಿ ಪಾಠ, ದೇಶದೇಶದ ಶಿಷ್ಯರು. ದುಖಾನ್ ಬಿಡುವ ದಿನ ಅವರು ತನಿಯನನ್ನು ಕರೆದು ಚರ್ಮದ ಡಬ್ಬಿಯ ಆ ಟೇಪನ್ನು ಕೈಯಲ್ಲಿಟ್ಟು, "ಇದು ನಿನ್ನ ಹತ್ತಿರ ಇರಲಿ" ಎಂದಷ್ಟೇ ಹೇಳಿದರು. ದೋಹಾದ ಕ್ಯಾಮರಾ ಅಂಗಡಿಗೆ ಒಂದು ಶಿಫಾರಸು ಪತ್ರವನ್ನೂ ಕೊಟ್ಟರು.

ತನಿಯ ಆ ಪತ್ರ ಹಿಡಿದು ಹೋಗಿ ಸ್ಟೋರಿನ ಕೆಲಸವನ್ನೇ ಕೇಳಿ ತೆಗೆದುಕೊಂಡ. ಶೂಟಿಂಗಿಗೆ ಬಾ ಎಂದು ಎಷ್ಟೋ ಮಂದಿ ಕರೆದರು. ಅವನು ಆಮೇಲೆ ಒಮ್ಮೆಯೂ ಚಿತ್ರೀಕರಣದ ಹೊತ್ತಿನಲ್ಲಿ ಲೆನ್ಸಿಗೆ ಕೈ ಹಚ್ಚಲಿಲ್ಲ. ಬಾಡಿಗೆಗೆ ಹೋಗುವ ಲೆನ್ಸುಗಳನ್ನು ಗೋಡೆಗೆ ಅಂಟಿಸಿದ ಗೆರೆಗಳ ಪಟಕ್ಕೆ ಹಿಡಿದು ನಿಚ್ಚಳ ಉಂಟೋ ಎಂದು ನೋಡುವುದು, ಒರೆಸುವುದು, ಕಳಿಸುವುದು. ತನಿಯ ನೋಡಿ ಕೊಟ್ಟ ಲೆನ್ಸು ಕೈಕೊಡುವುದಿಲ್ಲ ಎಂದು ದೋಹಾದಲ್ಲಿ ಹೆಸರಾಯಿತು. ಅವನಿಗೆ ಆ ಹೆಸರು ಕೇಳಿದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಗೊತ್ತಿದ್ದೇ ಸಾಹೇಬರು ಅವನನ್ನು ಉಳಿಸಿದರೇ? ಹಾಗಾದರೆ ಆ ಟೇಪು ಉಡುಗೊರೆಯೋ, ಬುದ್ಧಿಮಾತೋ? ಅಥವಾ ಮುದುಕನ ಕತೆಗೆ ಅವರ ಕಣ್ಣೂ ತುಂಬಿ ಏನೂ ಕಾಣದೆ, ತಪ್ಪು ತಮ್ಮದೇ ಎಂದುಕೊಂಡರೇ? ಹಾಗಾದರೆ ತಾನು ಒಬ್ಬ ಒಳ್ಳೆಯ ಮನುಷ್ಯನನ್ನು ಮೂವತ್ತಾರು ವರ್ಷ ಕತ್ತಲಲ್ಲಿಟ್ಟ ಹಾಗಾಯಿತು. ಈ ಪ್ರಶ್ನೆಯನ್ನು ಹೊಟ್ಟೆಯೊಳಗಿಟ್ಟುಕೊಂಡು ಊರಿಗೆ ಹೋದರೆ ಅಲ್ಲಿ ನೆಮ್ಮದಿಯ ನಿದ್ದೆ ಬರುವುದಿಲ್ಲ ಎಂದು ತನಿಯನಿಗೆ ಖಾತ್ರಿಯಿತ್ತು.

ಶಿರ್ವದ ರಸೆಲ್ ಅವನ ಅಂಗಡಿಯ ಮ್ಯಾನೇಜರು. ಅಂದಿನ ಸಭೆಗೆ ದೀಪ, ಮೈಕು ಕೊಡುವವರು ಇವರೇ ಆದ್ದರಿಂದ ತನಿಯ ಅವನನ್ನು ಹಿಡಿದುಕೊಂಡ. "ಪಾಸ್ ಕೊಡ್ತೇನೆ ತನಿಯಣ್ಣ, ಆದ್ರೆ ಅವರನ್ನು ಮೀಟ್ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ," ಎಂದ ರಸೆಲ್. "ಕಣ್ಣು ಕಾಣುದಿಲ್ಲ, ವಯಸ್ಸು ಬೇರೆ. ಸ್ಟೇಜಿಂದ ಸೀದಾ ಕಾರು, ಕಾರಿಂದ ಏರ್‌ಪೋರ್ಟ್. ಸೆಕ್ಯೂರಿಟಿಯವ ಹತ್ತಿರ ಬಿಡುದಿಲ್ಲ."

ಶನಿವಾರ ಉಮಾವತಿ ಪೆಟ್ಟಿಗೆಯಿಂದ ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಟ್ಟಳು. "ಆ ಮುದುಕನನ್ನು ನೋಡಿ ನಿಮಗೆ ಎಂತ ಆಗ್ಬೇಕೋ. ಪ್ಯಾಕ್ ಮಾಡಿದ್ದನ್ನೆಲ್ಲ ಪುನಃ ಬಿಚ್ಚಿಸಿದ್ರಿ." ಬೈಯುತ್ತಲೇ ಕಾಲರು ಸರಿಮಾಡಿದಳು. ತನಿಯ ಟೇಪಿನ ಡಬ್ಬಿಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡ.

ಕಡಲಂಚಿನ ಕಾರ್ನಿಶ್ ರಸ್ತೆಯಲ್ಲಿ ವಾಹನಗಳು ಕಟ್ಟಿಕೊಂಡಿದ್ದವು. ಮೋಕ್ಷಾ ಡ್ರೈವ್ ಮಾಡುತ್ತ ಮತ್ತೆ ಆ ಕಲ್ಲಿನ ವಿಷಯ ತೆಗೆದಳು. ತನಿಯನಿಗೆ ತಡೆಯಲಾಗಲಿಲ್ಲ. ದುಖಾನಿನ ಹಳಿಯಿಂದ ಹಿಡಿದು ಆರರ ಅಂಕೆಯವರೆಗೆ ಎಲ್ಲವನ್ನೂ ಹೇಳಿಬಿಟ್ಟ. ಹೇಳಿ ಮುಗಿದಾಗ ಮುಂದಿನ ವಾಹನ ಸರಿದು ದಾರಿ ಖಾಲಿಯಾಗಿತ್ತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಅವಳು ಕಾರು ಮುಂದೆ ತಗೊಳ್ಳಲಿಲ್ಲ.

"ಹನ್ನೆರಡು ಪೇಜ್, ಪಪ್ಪ," ಎಂದಳು ಕೊನೆಗೆ.

"ಗೊತ್ತು ಮಗಾ."

"ಕ್ರೆಡಿಟ್ಸಲ್ಲಿ ನಿಮ್ಮ ಹೆಸರೇ ಇಲ್ಲ. ನಾನು ಆ ಫಿಲ್ಮ್ ಇಪ್ಪತ್ತು ಸಲ ನೋಡಿದ್ದೇನೆ. ಕಾಫಿ ತಂದವನ ಹೆಸರು ಸಹ ಉಂಟು."

"ಹೆಸರು ಯಾರಿಗೆ ಬೇಕು. ನೀನು ಅಲ್ಲಿ ಬಾಯಿ ಬಿಡ್ಬಾರ್ದು, ಕೇಳಿತಾ? ಅವರ ಮರ್ಯಾದೆಯ ಪ್ರಶ್ನೆ. ಆ ಶಾಟಿನಿಂದ ಅವರ ಬದುಕು ತಿರುಗಿದ್ದು. ಅದು ಬಡಗಿಯ ತಪ್ಪು ಅಂತ ಊರಿಗೆಲ್ಲ ಗೊತ್ತಾದ್ರೆ ಅವರು ಏನಾಗ್ಬೇಕು? ನಾನು ಅವರ ಕಿವಿಯಲ್ಲಿ ಮಾತ್ರ ಹೇಳುದು, ಒಂದು ವೇಳೆ ಹತ್ತಿರ ಹೋಗ್ಲಿಕ್ಕೆ ಆದ್ರೆ."

"ಬಿಡ್ಲಿಲ್ಲಾಂದ್ರೆ?"

ತನಿಯ ಜೇಬಿನ ಮೇಲಿಂದಲೇ ಟೇಪಿನ ಡಬ್ಬಿಯನ್ನು ಒತ್ತಿ ನೋಡಿದ. ಮೋಕ್ಷಾ ಗೇರು ಹಾಕಿದಳು.

ಸಭಾಂಗಣ ತುಂಬಿತ್ತು. ತನಿಯನಿಗೆ ಹಿಂದಿನ ಸಾಲು. ಬೆಡ್‌ಶೀಟಿನ ಮೇಲೆ ಒಮ್ಮೆ ನೋಡಿದ ಆ ನಾಲ್ಕು ಮಿನಿಟನ್ನು ಅವನು ಮತ್ತೆ ನೋಡಿಯೇ ಇರಲಿಲ್ಲ. ಈಗ ಎರಡಾಳೆತ್ತರದ ಪರದೆಯಲ್ಲಿ ಅಬು ಜಾಸಿಮ್ ಹೊಗೆಯಂತೆ ಕುಳಿತು ಮಾತಾಡುತ್ತಿದ್ದ, ಹಿಂದೆ ಕಲ್ಲು ಒಂದೊಂದು ಗೀರೂ ಕಾಣುವ ಹಾಗೆ ಬಿದ್ದಿತ್ತು. ಯಾರೂ ಕೆಮ್ಮಲಿಲ್ಲ. ಪಕ್ಕದ ಸಾಲಿನ ಹೆಂಗಸು ಕಣ್ಣೊರೆಸಿಕೊಂಡಳು. ಛೆ, ಚೆನ್ನಾಗಿಯೇ ಉಂಟಲ್ಲ ಎಂದು ಅವನಿಗೆ ಅನಿಸಿತು, ಅನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ದೀಪ ಹೊತ್ತಿದ ಮೇಲೆ ಒಬ್ಬಾಕೆ ಕೈಹಿಡಿದು ಸಾಹೇಬರನ್ನು ವೇದಿಕೆಗೆ ಕರೆತಂದಳು. ಆ ಉದ್ದನೆಯ ಆಳು ಬಾಗಿ ಅರ್ಧವಾಗಿದ್ದರು. ಮೊದಲ ಪ್ರಶ್ನೆಯೇ ಅದು: ಆ ಶಾಟನ್ನು ಯಾಕೆ ಹಾಗೆ ತೆಗೆದಿರಿ?

"ನಲುವತ್ತು ವರ್ಷ ಸುಮ್ಮನಿದ್ದವನು ಒಮ್ಮೆ ಬಾಯಿ ತೆರೆದಿದ್ದ," ಎಂದರು ಸಾಹೇಬರು, ನಿಧಾನದ ಇಂಗ್ಲಿಷಿನಲ್ಲಿ. "ಅಂಥ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಕ್ಯಾಮರಾದವನು ಅಲುಗಬಾರದು. ನಾನು ಅಲುಗಲಿಲ್ಲ. ಉಳಿದದ್ದೆಲ್ಲ ನೀವು ಬರೆದದ್ದು." ಜನ ನಕ್ಕರು. ಅವರು ತಮ್ಮ ಕಣ್ಣಿನತ್ತ ಬೆರಳು ತೋರಿಸಿದರು. "ಈಗ ನನ್ನ ಕಣ್ಣಿನ ನಡುಭಾಗ ಸತ್ತಿದೆ. ಅಂಚು ಮಾತ್ರ ಕಾಣುತ್ತದೆ. ನಿಮ್ಮ ಯಾರ ಮುಖವೂ ಇಲ್ಲ, ಸುತ್ತಲಿನ ಗೋಡೆ ಚೆನ್ನಾಗಿ ಕಾಣುತ್ತಿದೆ. ದಿನವಿಡೀ ಆ ಶಾಟನ್ನೇ ನೋಡುತ್ತಿದ್ದೇನೆ."

ವೇದಿಕೆಯ ಬದಿಯಲ್ಲಿ ಸೆಕ್ಯೂರಿಟಿಯವರು ಆಗಲೇ ಬಾಗಿಲು ತೆರೆದು ನಿಂತಿದ್ದರು. ರಸೆಲ್ ದೂರದಿಂದ ತನಿಯನತ್ತ ನೋಡಿ ತಲೆಯಾಡಿಸಿದ: ಮಾಫಿ, ಆಗುವುದಿಲ್ಲ. ಕೊನೆಯ ಪ್ರಶ್ನೆ ಎಂದು ಮೈಕಿನಲ್ಲಿ ಹೇಳಿದರು. ಪಕ್ಕದಲ್ಲಿ ಮೋಕ್ಷಾಳ ಕೈ ಮೇಲಕ್ಕೆ ಹೋಯಿತು. ತನಿಯ ಅವಳ ತೋಳು ಹಿಡಿದೆಳೆದ. ಅಷ್ಟರಲ್ಲಿ ಮೈಕು ಅವಳ ಕೈಗೆ ಬಂದಾಗಿತ್ತು.

"ಸರ್, ನಾನು ಯಾಕೆ ಅಂತ ಕೇಳುವುದಿಲ್ಲ," ಎಂದಳು ಅವಳು. "ಆ ಶಾಟಿಗೆ ಫೋಕಸ್ ಮಾಡಿದವರು ಯಾರು?"

ತನಿಯ ಕಣ್ಣು ಮುಚ್ಚಿಕೊಂಡ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಸಾಹೇಬರು ಪ್ರಶ್ನೆ ಬಂದ ಕಡೆಗೆ ಕಿವಿ ತಿರುಗಿಸಿದರು. ಕಿವಿಯ ಯಂತ್ರ ಕೆಟ್ಟಿತೇನೋ ಎಂದು ಕರೆತಂದಾಕೆ ಹತ್ತಿರ ಬಂದಳು. ಅವರು ಅವಳನ್ನು ಕೈಯಿಂದ ಸರಿಸಿದರು.

"ಮೂವತ್ತಾರು ವರ್ಷ ಎಲ್ಲರೂ ಯಾಕೆ ಎಂದು ಕೇಳಿದರು. ಯಾರು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲ ಎಂದು ನಾನೂ ಆರಾಮವಾಗಿದ್ದೆ. ಅದು ನನ್ನ ನಾಚಿಕೆಗೇಡು. ಅವನ ಹೆಸರು ತನಿಯ. ಬಡಗಿ. ನಾನು ಕಂಡವರಲ್ಲಿ ಅವನಷ್ಟು ಒಳ್ಳೆಯ ಕಣ್ಣು ಯಾರಿಗೂ ಇರಲಿಲ್ಲ. ಹೆಸರು ಚಿತ್ರದಲ್ಲಿ ಹಾಕಿಸಬೇಕಿತ್ತು, ಹಾಕಿಸಲಿಲ್ಲ. ಬದುಕಿದ್ದಾನೋ ಗೊತ್ತಿಲ್ಲ."

"ಇಲ್ಲೇ ಇದ್ದಾರೆ ಸರ್," ಎಂದಳು ಮೋಕ್ಷಾ. "ನನ್ನ ಅಪ್ಪ."

ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತು. ತನಿಯ ಎದ್ದು ನಿಂತ. ನಿಂತದ್ದು ಅವರಿಗೆ ಕಾಣುವಂತಿರಲಿಲ್ಲ. ಅವರು ಕತ್ತು ಮುಂದೆ ಚಾಚಿ, ಕತ್ತಲೆಯಲ್ಲಿ ಬಾಗಿಲು ಹುಡುಕುವವರ ಹಾಗೆ ಅತ್ತಿತ್ತ ತಿರುಗಿಸಿ, ಮೈಕಿನಲ್ಲಿ ಒಂದೇ ಶಬ್ದ ಅಂದರು.

"ಏತ್?"

ಆ ಸಭಾಂಗಣದಲ್ಲಿ ಅದು ಅರ್ಥವಾದದ್ದು ನಾಲ್ಕೈದು ಮಂದಿಗೆ. ತನಿಯನ ಕಣ್ಣು ತಾನಾಗಿ ಸಾಲುಗಳ ಮೇಲಿಂದ ಹಾದು ವೇದಿಕೆ ಮುಟ್ಟಿತು. "ಹದಿನೇಳು, ಸರ್," ಎಂದ.

ಸಾಹೇಬರು ಮೈಕನ್ನು ಇನ್ನಷ್ಟು ಹತ್ತಿರ ಹಿಡಿದರು.

"ಮೀಟರಾ," ಎಂದು ಕೇಳಿದರು, "ಫೂಟಾ?"

ಮುದುಕರ ತಮಾಷೆಯೆಂದು ಒಂದಷ್ಟು ಜನ ನಕ್ಕರು. ತನಿಯ ಮುಂದಿನ ಸೀಟಿನ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡ. ಗೊತ್ತಿತ್ತು. ಮುಖ ಮಸುಕಾದದ್ದಷ್ಟೇ ಅಲ್ಲ, ಯಾವ ಟೇಪಿನಿಂದ, ಯಾವ ಅಂಕೆಯಿಂದ ಎಂಬುದೂ ಗೊತ್ತಿತ್ತು. ಗೊತ್ತಿದ್ದೇ ಡೇವಿಡನ ಮುಂದೆ 'ನನ್ನದು' ಎಂದಿದ್ದರು. ಒಂದು ದೀಪಕ್ಕೆ ಬಗ್ಗದ ಮನುಷ್ಯ ಒಬ್ಬ ಬಡಗಿಗಾಗಿ ಸುಳ್ಳು ಹೇಳಿ, ಅದನ್ನು ಇಷ್ಟು ವರ್ಷ ಹೊತ್ತಿದ್ದರು. ಅವನು ಮಗಳ ಎದುರಿಗೇ ಅತ್ತುಬಿಟ್ಟ.

"ಮೀಟರ್, ಸರ್," ಎಂದ, ಮೂಗು ಒರೆಸಿಕೊಂಡು.

"ಟೇಪು ಉಂಟಾ?"

"ಉಂಟು."

"ಹಾಗಾದರೆ ಅಳೆದುಕೊಂಡು ಬಾ."

ತನಿಯ ಜೇಬಿನಿಂದ ಚರ್ಮದ ಡಬ್ಬಿ ತೆಗೆದ. ಟೇಪಿನ ತುದಿಯನ್ನು ಮೋಕ್ಷಾ ಹಿಡಿದುಕೊಂಡಳು. ಅವನು ಬಿಚ್ಚುತ್ತ ಬಿಚ್ಚುತ್ತ ಸಾಲುಗಳ ನಡುವೆ ನಡೆದ, ಸೆಕ್ಯೂರಿಟಿಯವರು ತಡೆಯಲು ಮುಂದೆ ಬಂದು ಏನೂ ತೋಚದೆ ಟೇಪಿನ ಪಕ್ಕಕ್ಕೆ ಸರಿದರು. ವೇದಿಕೆ ಹತ್ತಿ, ಸಾಹೇಬರ ಕಣ್ಣಿನ ನೇರಕ್ಕೆ ಹಿಡಿದು ನೋಡಿದ.

"ಹದಿನಾರೂವರೆ," ಎಂದ ತನಿಯ. "ಅರ್ಧ ಮೀಟರು ತಪ್ಪಿತು, ಸರ್."

"ಕಿತ್ತಳೆ ಇಲ್ಲ," ಎಂದರು ಕೀಸ್ಲಿಂಗ್ ಸಾಹೇಬರು. ಹಾಗೆಂದು ಟೇಪಿನ ಸಮೇತ ಅವನ ಕೈ ಹಿಡಿದುಕೊಂಡರು, ಕಾರು ಕಾಯುತ್ತಿದೆ ಎಂದು ಎರಡು ಸಲ ಬಂದು ಹೇಳಿದರೂ ಬಿಡಲಿಲ್ಲ.